ಬಾಗಿಲ ದಾರದ ಕೆಂಪು ಕ್ಲಿಪ್ಪು

ಆಕೆ ನಮ್ಮ ಒಂದು ಮೆರವಣಿಗೆಗೂ ಬಂದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಹಾರ ತುರಾಯಿ ಹಿಡಿದುಕೊಂಡು ಆಕೆಯ ಮನೆ ಹುಡುಕಬಾರದು. ಕಲ್ಲು ಪುಡಿ ಮಾಡುವ ಕ್ರಷರ್‌ಗಳನ್ನು ನಿಲ್ಲಿಸಿ ಎಂದು ನಾವು ರಸ್ತೆಗೆ ಅಡ್ಡ ಮಲಗಿದ ದಿನ ಆಕೆಯ ಬಸ್ಸು ಎರಡು ಗಂಟೆ ನಿಂತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕೂಗೋದಾದ್ರೆ ಪಕ್ಕಕ್ಕೆ ನಿಂತು ಕೂಗ್ರಪ್ಪಾ, ಗಂಟಲಿಗೇನು ರಸ್ತೆ ಬೇಕಾ?" ಎಂದು ಬೈದಳು. ಬೈಸಿಕೊಂಡವರಲ್ಲಿ ನಾನೂ ಒಬ್ಬ. ಆ ಬಾಯಿಯ ಪರಿಚಯವಾದದ್ದು ಹಾಗೆ.

ಸರ್ಕಾರಿ ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಡಬ್ಬದಕ್ಕ ಎನ್ನುತ್ತಿದ್ದರು. ಶುರುವಿನಲ್ಲಿ ಟೆಲಿಫೋನ್ ಬೋರ್ಡಿನ ಮುಂದೆ ಕೂತು ಇವರ ತಂತಿ ಅವರಿಗೆ, ಅವರ ತಂತಿ ಇವರಿಗೆ ಸಿಕ್ಕಿಸುವ ಕೆಲಸ. ಬೋರ್ಡು ಗುಜರಿಗೆ ಹೋದಾಗ, ತಂತಿ ಗೊತ್ತಿರುವ ಹೆಂಗಸು ಒಬ್ಬಳಿದ್ದಾಳಲ್ಲ ಎಂದು ನೆಲಮಾಳಿಗೆಗೆ ತಳ್ಳಿದರು. ಅಲ್ಲಿ ಎರಡು ಕಬ್ಬಿಣದ ಬೀರು, ಅವುಗಳೊಳಗೆ ಸರ್ವರ್‌ಗಳು. ಗೋಡೆಗೆ ಎರಡು ಏಸಿ. ಒಂದು ನೀರು ಸುರಿಸುತ್ತಿತ್ತು, ಇನ್ನೊಂದು ಗೊರಕೆ ಹೊಡೆಯುತ್ತಿತ್ತು. ಕಲಿಸುವವರು ಯಾರೂ ಇರಲಿಲ್ಲ. ರಿಪೇರಿಗೆ ಬಂದವರಿಗೆಲ್ಲ ಟೀ ತರಿಸಿಕೊಟ್ಟು, ಬೆನ್ನ ಹಿಂದೆ ನಿಂತು, ಅವರು ಒತ್ತಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತಳು. ಹದಿನೆಂಟು ವರ್ಷ ಅಲ್ಲೇ ಕಳೆದಳು. ಹದಿನೆಂಟು ವರ್ಷವೂ ಗುತ್ತಿಗೆಯ ನೌಕರಿ.

ಆ ಕೆಲಸ ಏನೆಂದು ನನ್ನಂಥ ದಡ್ಡನಿಗೆ ಆಕೆ ಹೇಳಿದ್ದು ಹೀಗೆ: "ಮನೆ ಎರಡು, ಸಂಸಾರ ಹತ್ತೊಂಬತ್ತು. ಔಷಧಿ ಚೀಟಿದೊಂದು, ರಕ್ತ ಪರೀಕ್ಷೆದೊಂದು, ಹಾಜರಿದೊಂದು, ಹಿಂಗೆ ಹತ್ತೊಂಬತ್ತು ಕಂಪ್ಯೂಟರು. ಒಂದೂ ಕಣ್ಣಿಗೆ ಕಾಣಲ್ಲ, ಎಲ್ಲಾ ಆ ಎರಡು ಡಬ್ಬದೊಳಗೇ ಬದುಕ್ತವೆ. ಆದ್ರೆ ಎಲ್ಲರಿಗೂ ಉಗ್ರಾಣ ಒಂದೇ. ಒಬ್ಬ ಉಗ್ರಾಣದ ತುಂಬಾ ತನ್ನ ಮೂಟೆ ಇಟ್ಟ ಅಂದ್ರೆ, ಹತ್ತೊಂಬತ್ತು ಸಂಸಾರಕ್ಕೂ ಉಪವಾಸ."

ಕಾಣದ ಈ ಕಂಪ್ಯೂಟರುಗಳಿಗೆ ಆಗಾಗ ಅಪ್‌ಡೇಟ್ ಹಾಕಬೇಕು. ಹಾಕಿದ ಮೇಲೆ ಕೆಟ್ಟು ಕೂತರೆ ಹಿಂದಕ್ಕೆ ಬರಲು ದಾರಿ ಬೇಕು. ಅದಕ್ಕಾಗಿ ಮೊದಲೇ ಒಂದು ಗುರುತು ಹಾಕಿಕೊಳ್ಳುತ್ತಾರೆ. ಗುರುತು ಹಾಕಿದ ಗಳಿಗೆಯಿಂದ ಆ ಕಂಪ್ಯೂಟರು ಹೊಸದಾಗಿ ಬರೆದದ್ದೆಲ್ಲ ಪಕ್ಕದಲ್ಲಿ ಬೇರೆಯೇ ಗಂಟಾಗಿ ಬೆಳೆಯುತ್ತದೆ. ಎಲ್ಲ ಸರಿಯಿದೆ ಎಂದಾದರೆ ಎರಡು ಮೂರು ದಿನದಲ್ಲಿ ಆ ಗಂಟನ್ನು ಹಳೆಯದರ ಜೊತೆ ಸೇರಿಸಿ ಗುರುತು ತೆಗೆಯಬೇಕು. ಮರೆತರೆ ಗಂಟು ಊದುತ್ತಾ ಹೋಗಿ ಉಗ್ರಾಣವನ್ನೇ ನುಂಗುತ್ತದೆ. ಅದಕ್ಕೇ ಆಕೆ ಬಾಗಿಲಿಗೆ ಒಂದು ದಾರ ಕಟ್ಟಿದ್ದಳು. ಗುರುತು ಹಾಕಿದ ದಿನ ಬಟ್ಟೆ ಒಣಗಿಸುವ ಕೆಂಪು ಕ್ಲಿಪ್ಪೊಂದನ್ನು ಆ ದಾರಕ್ಕೆ ಸಿಕ್ಕಿಸುವುದು, ಗುರುತು ತೆಗೆದ ದಿನ ಕ್ಲಿಪ್ಪನ್ನೂ ತೆಗೆಯುವುದು. ದಾರ ಖಾಲಿಯಿದ್ದರೆ ನಿಶ್ಚಿಂತೆ. ಇಂಜಿನಿಯರುಗಳು ನೋಡಿ ನಗುತ್ತಿದ್ದರು. "ನಗ್ರಿ ನಗ್ರಿ. ನಿಮ್ಮ ಎಚ್ಚರಿಕೆ ಗಂಟೆ ದಿನಕ್ಕೆ ನಾನೂರು ಸಲ ಹೊಡ್ಕೊಳುತ್ತೆ, ಒಬ್ರೂ ಏಳಲ್ಲ" ಎನ್ನುತ್ತಿದ್ದಳು.

ಆ ವರ್ಷ ಕ್ರಷರ್ ಕೆಲಸಗಾರರ ಶ್ವಾಸಕೋಶ ಪರೀಕ್ಷೆಗೆ ಆಸ್ಪತ್ರೆ ಒಪ್ಪಿತು. ಒಪ್ಪಿಸಲು ನಮಗೆ ಎರಡು ವರ್ಷ, ಮೂರು ಲಾಠಿ ಏಟು ಬೇಕಾದವು. ಇನ್ನೂರ ಹದಿನಾಲ್ಕು ಜನ ಸರದಿಯಲ್ಲಿ ನಿಂತು ನಳಿಗೆಗೆ ಊದಿದರು, ಎಕ್ಸ್‌ರೇ ತೆಗೆಸಿಕೊಂಡರು. ಪರಿಹಾರದ ಕೋರ್ಟಿನಲ್ಲಿ ನಮ್ಮ ಕೈಯಲ್ಲಿದ್ದ ಸಾಕ್ಷಿ ಅದೊಂದೇ. ಅದೆಲ್ಲ ಹೋಗಿ ಕೂತದ್ದು ಡಬ್ಬದಕ್ಕನ ಹತ್ತೊಂಬತ್ತರಲ್ಲಿ ಒಂದರೊಳಗೆ. ಉಸಿರಿನ ಕಂಪ್ಯೂಟರು ಎನ್ನುತ್ತಿದ್ದಳು ಅದಕ್ಕೆ.

ಪರೀಕ್ಷೆ ಶುರುವಾಗುವ ಹಿಂದಿನ ದಿನ ಆಕೆ ಅದಕ್ಕೆ ಅಪ್‌ಡೇಟ್ ಹಾಕಿದಳು. ಗುರುತು ಹಾಕಿ, ಕೆಂಪು ಕ್ಲಿಪ್ಪು ಕೈಗೆತ್ತಿಕೊಂಡು ಬಾಗಿಲಿಗೆ ಬಂದಾಗ ಮನೆಯಿಂದ ಫೋನು. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಓಡಿದಳು. ಮಾರನೆಯ ದಿನವಿಡೀ ಅತ್ತೆಯ ಸೊಂಟ, ಅದರ ಮಾರನೆಯ ದಿನ ಪರೀಕ್ಷೆಯ ಗದ್ದಲ. ದಾರ ನೋಡಿದಳು, ಖಾಲಿಯಿತ್ತು. ಖಾಲಿಯಿದ್ದರೆ ನಿಶ್ಚಿಂತೆ.

ಐದು ವಾರವಾದ ಮೇಲೆ ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತೊಂಬತ್ತೂ ಒಟ್ಟಿಗೆ ನಿಂತವು. ಔಷಧಿ ಕಿಟಕಿಯ ಮುಂದೆ ಸರದಿ ಗೇಟಿನವರೆಗೆ ಬೆಳೆಯಿತು. ನೆಲಮಾಳಿಗೆಯಲ್ಲಿ ಡಬ್ಬದಕ್ಕ ಪರದೆ ನೋಡಿದಳು: ಉಗ್ರಾಣದಲ್ಲಿ ಉಳಿದ ಜಾಗ ಸೊನ್ನೆ. ಉಸಿರಿನ ಕಂಪ್ಯೂಟರಿನ ಪಕ್ಕ ಐದು ವಾರದ ಗಂಟು ಹೆಬ್ಬಾವಿನಂತೆ ಮಲಗಿತ್ತು. ಇನ್ನೂರ ಹದಿನಾಲ್ಕು ಜನರ ಎದೆ ಪೂರ್ತಿ ಅದರ ಹೊಟ್ಟೆಯೊಳಗಿತ್ತು. ಬೇರೆಡೆ ನಕಲು ಇಡಲು ಡಿಸ್ಕು ಬೇಕೆಂದು ಮೂರು ವರ್ಷದಿಂದ ಅರ್ಜಿ ಕೊಡುತ್ತಿದ್ದಳು. ಬಂದದ್ದು ಪ್ರತಿ ವರ್ಷ ಒಂದು ಸಹಿ ಮಾತ್ರ.

ಬಾಗಿಲ ಕಡೆ ತಿರುಗಿದಳು. ದಾರದಲ್ಲಿ ಕ್ಲಿಪ್ಪಿಲ್ಲ. ಹೊರಗೆ ನೆಲ ಒರೆಸುತ್ತಿದ್ದ ಹೆಂಗಸನ್ನು ಹಿಡಿದುಕೊಂಡಳು.

"ಇಲ್ಲಿದ್ದ ಕ್ಲಿಪ್ಪು ಎಲ್ಲಿ? ನೀನೇ ತೆಗ್ದಿರೋದು!"

"ನಿಮ್ಮ ಕ್ಲಿಪ್ಪು ಕಟ್ಕೊಂಡು ನಾನೇನು ಮಾಡ್ಲಿ? ಕಿವಿಗೆ ಹಾಕ್ಕೊಳ್ಳಾ?"

"ಮುಟ್ಬೇಡ ಮುಟ್ಬೇಡ ಅಂತ ಎಷ್ಟು ಸಲ ಬಡ್ಕೊಂಡಿದೀನಿ!"

ಮೆಟ್ಟಿಲ ಮೇಲಿದ್ದವರೆಲ್ಲ ಕೇಳಿಸಿಕೊಂಡರು. ಒರೆಸುವವಳು ಬಕೆಟ್ಟು ಎತ್ತಿಕೊಂಡು ಹೋದಳು.

ಡಬ್ಬದಕ್ಕ ಸಪೋರ್ಟ್ ನಂಬರಿಗೆ ಫೋನು ಹಚ್ಚಿದಳು. ಸಂಗೀತ ಕೇಳಿದಳು. ಮೂರು ಕೈ ದಾಟಿ ನಾಲ್ಕನೆಯವನು ಸಿಕ್ಕ.

"ಮೇಡಂ, ನಿಮ್ಮದು ಹಳೇ ವರ್ಷನ್ನು. ಮೊದಲು ಅಪ್‌ಡೇಟ್ ಮಾಡಿ, ಆಮೇಲೆ ಫೋನ್ ಮಾಡಿ."

"ಅಪ್‌ಡೇಟ್ ಮಾಡಕ್ಕೆ ಜಾಗ ಬೇಕಲ್ಲಪ್ಪಾ. ಜಾಗ ಇಲ್ಲ ಅಂತಾನೇ ಫೋನ್ ಮಾಡಿರೋದು."

"ಜಾಗದ್ದು ಬೇರೆ ಟಿಕೆಟ್ ಆಗುತ್ತೆ ಮೇಡಂ. ಅದು ಸ್ಟೋರೇಜ್ ವಿಭಾಗ."

"ಅವರಿಗೆ ಕೊಡು."

"ಅವರು ಊಟಕ್ಕೆ ಹೋಗಿದಾರೆ."

ಅಷ್ಟರಲ್ಲಿ ಗುತ್ತಿಗೆ ಕಂಪನಿಯ ಸೂಪರ್‌ವೈಸರ್ ಇಳಿದು ಬಂದ. ಯಾವ ಕೆಲಸ ಕೇಳಿದರೂ ಹತ್ತು ನಿಮಿಷ ಎನ್ನುವವನು. ಆಸ್ಪತ್ರೆಯಲ್ಲಿ ಅವನ ಹೆಸರೇ ಹತ್ನಿಮಿಷ. ಹಿಂದೆಯೇ ಒಬ್ಬ ಹೆಂಗಸೂ ಬಂದು ಬಾಗಿಲಲ್ಲಿ ನಿಂತಳು. ಕ್ರಷರ್‌ನಲ್ಲಿ ಕಲ್ಲು ತುಂಬುತ್ತಿದ್ದವನ ಹೆಂಡತಿ. ಗಂಡನ ಪರೀಕ್ಷೆಯ ಹಾಳೆ ಬೇಕಿತ್ತು. ಗುರುವಾರ ಕೋರ್ಟಿಗೆ ಕೊಡಬೇಕು ಎಂದು ಅವಳನ್ನು ಕಳಿಸಿದವರು ನಾವೇ.

"ಗುರುತಿಗೆ ವಾಪಸ್ ಹೋಗ್ಬಿಡಿ. ಹತ್ತು ನಿಮಿಷ" ಎಂದ ಹತ್ನಿಮಿಷ.

"ವಾಪಸ್ ಹೋದ್ರೆ ಐದು ವಾರ ಅಳಿಸಿ ಹೋಗುತ್ತೆ. ಅಷ್ಟೂ ಜನರ ಉಸಿರು."

"ಇನ್ನೊಂದ್ಸಲ ಊದ್ತಾರೆ ಬಿಡಿ. ಅವರಿಗೇನು ಕೆಲಸ?"

ಬಾಗಿಲಲ್ಲಿದ್ದ ಹೆಂಗಸು ಹೇಳಿದಳು: "ನಮ್ಮೋರು ಊದಲ್ಲ ಸಾರ್. ಹೋಗಿ ಹನ್ನೊಂದು ದಿನ ಆಯ್ತು."

ಏಸಿ ಗೊರಕೆ ಹೊಡೆಯುತ್ತಿತ್ತು. ಹತ್ನಿಮಿಷ ದನಿ ಇಳಿಸಿ ಡಬ್ಬದಕ್ಕನನ್ನು ಬೀರುವಿನ ಹಿಂದಕ್ಕೆ ಕರೆದ.

"ನೋಡಕ್ಕಾ. ವಾಪಸ್ ಹೋದ್ರೆ ಗುರುತು ಯಾವಾಗ ಹಾಕಿದ್ದು ಅಂತ ಯಾರೂ ಕೇಳಲ್ಲ. ಡಿಸ್ಕ್ ಕೆಟ್ಟೋಯ್ತು ಅಂತ ಒಂದು ಸಾಲು ಬರೀತೀನಿ, ನಿಮ್ಮ ಹೆಸರೇ ಬರಲ್ಲ. ಅದು ಬಿಟ್ಟು ನೀವು ಸೇರ್ಸೋಕೆ ಕೂತ್ರೆ ಹದಿನಾಲ್ಕು ಗಂಟೆ. ಯಾಕೆ ಅಂತ ಮೇಲಿನವರು ಕೇಳ್ತಾರೆ. ಐದು ವಾರ ಮಲಗಿದ್ದು ಯಾರು ಅಂತ ಕೇಳ್ತಾರೆ."

ಆಕೆಗೆ ಭಯವಾಯಿತು. ಸುಳ್ಳು ಯಾಕೆ ಹೇಳಲಿ, ಆಕೆಯೇ ನನಗೆ ಹೇಳಿದ ಮಾತು: "ಕೆಲಸ ಹೋಗುತ್ತೆ ಅನ್ನಿಸ್ತು ಕಣ್ರೀ. ಮನೆಯಲ್ಲಿ ಅತ್ತೆ ಮಲಗಿದ್ರು, ಅವರ ಮಗ ಹೊಲಿಗೆ ಮೆಷೀನಿನ ಮುಂದೆ ಗಿರಾಕಿ ಕಾಯ್ತಾ ಕೂತಿದ್ರು. ವಾಪಸ್ ಹೋಗೋ ಗುಂಡಿ ಮೇಲೆ ಬೆರಳು ಇಟ್ಟಿದ್ದೆ. ಆ ಹೆಂಗಸು ಹೋಗಲಿ ಅಂತ ಕಾಯ್ತಿದ್ದೆ. ಅವಳು ಹೋಗಿದ್ರೆ ಒತ್ತಿಬಿಡ್ತಿದ್ನೋ ಏನೋ. ದರಿದ್ರದ್ದು, ಹೋಗ್ಲೇ ಇಲ್ಲ."

ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿದು, ಮುಚ್ಚಿ, ಮಡಿಲಲ್ಲಿ ಇಟ್ಟುಕೊಂಡು, ಇನ್ನೂ ಕಾಯುತ್ತೇನೆ ಎನ್ನುವ ಹಾಗೆ ಕೂತಳು.

ಡಬ್ಬದಕ್ಕ ಗುಂಡಿಯಿಂದ ಬೆರಳು ತೆಗೆದಳು. ಆದರೆ ಸೇರಿಸಲಿಕ್ಕೂ ಒಂದಿಷ್ಟು ಜಾಗ ಬೇಕು. ಹತ್ತೊಂಬತ್ತು ಸಂಸಾರದ ಮೂಟೆಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಾ ಹೋದಳು. ಸಿಕ್ಕಿತು. ಹೊಸ ಕಟ್ಟಡದ ಉದ್ಘಾಟನೆಯ ವಿಡಿಯೋ, ಆಸ್ಪತ್ರೆಯ ಮುಖ್ಯಸ್ಥರ ಭಾಷಣ, ನಾಲ್ಕು ಗಂಟೆ. ಒಂದಲ್ಲ, ಏಳು ಪ್ರತಿ. ಬಂದ ಬಂದವರೆಲ್ಲ ಭಕ್ತಿಯಿಂದ ಒಂದೊಂದು ಪ್ರತಿ ಇಟ್ಟುಕೊಂಡಿದ್ದರು.

"ಅದನ್ನ ಮುಟ್ಬೇಡಿ!" ಎಂದ ಹತ್ನಿಮಿಷ. "ಮೇಲಿಂದ ಒಪ್ಪಿಗೆ ತರ್ತೀನಿ, ಹತ್ತು ನಿಮಿಷ."

"ಒಂದು ಬಿಟ್ಟಿರ್ತೀನಿ. ಒಂದೇ ಭಾಷಣ ಏಳು ಸಲ ಕೇಳೋನಿಗೆ ಆಸ್ಪತ್ರೆ ಅಲ್ಲ, ಬೇರೆ ಜಾಗ ಇದೆ" ಎಂದು ಆರು ಪ್ರತಿ ಅಳಿಸಿದಳು.

ಜಾಗ ತೆರವಾಯಿತು. ಉಳಿದ ಹದಿನೆಂಟೂ ಒಂದೊಂದಾಗಿ ಎದ್ದವು. ಔಷಧಿ ಕಿಟಕಿ ತೆರೆಯಿತು. ಉಸಿರಿನ ಕಂಪ್ಯೂಟರನ್ನು ಮಾತ್ರ ನಿಲ್ಲಿಸಿ ಗಂಟು ಸೇರಿಸಲು ಹಚ್ಚಿದಳು. ಶೇಕಡಾ ಒಂದು. ಅರ್ಧ ಗಂಟೆಯಾದ ಮೇಲೆ ಶೇಕಡಾ ಮೂರು. ಮೆಟ್ಟಿಲ ಮೇಲಿದ್ದವಳಿಗೆ, "ನಾಳೆ ಬಾ ತಾಯಿ" ಎಂದಳು.

"ಇರುತ್ತಾ?"

"ಗೊತ್ತಿಲ್ಲ. ಮಧ್ಯ ಎಲ್ಲಾದರೂ ಕರೆಂಟು ಕೈ ಕೊಟ್ರೆ ಇರಲ್ಲ. ಕೊಡದಿದ್ರೆ ಇರುತ್ತೆ."

ಅಂಥ ಉತ್ತರ ಕೊಡುವವರು ಸರ್ಕಾರಿ ಕಟ್ಟಡದಲ್ಲಿ ಅಪರೂಪ.

ಬುಧವಾರ ಬೆಳಿಗ್ಗೆ ಮನೆಯ ಹಿತ್ತಲ ಬಾಗಿಲು ತೆಗೆದಾಗ ಡಬ್ಬದಕ್ಕನ ಕಣ್ಣಿಗೆ ಬಿತ್ತು. ಬಟ್ಟೆ ತಂತಿಯ ಮೇಲೆ ಅತ್ತೆಯ ಟವೆಲ್ಲು. ಟವೆಲ್ಲಿಗೆ ಒಂದು ಕೆಂಪು ಕ್ಲಿಪ್ಪು. ಉಳಿದವೆಲ್ಲ ನೀಲಿ.

"ಇದೆಲ್ಲಿತ್ತು?"

ಗಂಡ ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದ: "ನಿನ್ನ ಆಸ್ಪತ್ರೆ ಕೋಟಿನ ಜೇಬಲ್ಲಿ. ಅಮ್ಮ ಬಿದ್ದ ವಾರ ಒಗೆದೆನಲ್ಲ, ಆಗ ಸಿಕ್ತು. ಚೆನ್ನಾಗಿ ಹಿಡ್ಕೊಳುತ್ತೆ. ಎಲ್ಲಿ ತಗೊಂಡೆ?"

ಐದು ವಾರ ದಿನಾ ಬೆಳಿಗ್ಗೆ ಆ ತಂತಿಯ ಕೆಳಗೇ ಬಗ್ಗಿ ಹೋಗಿದ್ದಳು.

ಆಸ್ಪತ್ರೆಗೆ ಹೋದವಳು ಮೊದಲು ನೆಲಮಾಳಿಗೆಗೆ ಇಳಿಯಲಿಲ್ಲ. ಒರೆಸುವವಳನ್ನು ಹುಡುಕಿ, ಔಷಧಿ ಕಿಟಕಿಯ ಸರದಿಯ ಎದುರಿಗೇ ಕ್ಲಿಪ್ಪು ತೋರಿಸಿದಳು. "ನನ್ನ ಮನೆಯಲ್ಲೇ ಇತ್ತು. ತಪ್ಪು ನಂದು."

ಒರೆಸುವವಳು ಕ್ಲಿಪ್ಪು ನೋಡಿದಳು, ಆಕೆಯನ್ನು ನೋಡಿದಳು. "ನಿನ್ನೆ ಬೈದಿದ್ದು ಇದಕ್ಕಿಂತ ಜೋರಾಗಿತ್ತು" ಎಂದಳು.

ಡಬ್ಬದಕ್ಕ ಇನ್ನೊಂದು ಸಲ, ಜೋರಾಗಿ ಹೇಳಿದಳು.

ಕೆಳಗೆ ಪರದೆಯಲ್ಲಿ ನೂರು ತುಂಬಿತ್ತು. ಇನ್ನೂರ ಹದಿನಾಲ್ಕೂ ಇದ್ದವು. ಆ ಹೆಂಗಸಿನ ಗಂಡ ಮೂರು ಸಲ ಊದಿದ್ದ, ಮೂರು ಗೆರೆಗಳೂ ಅರ್ಧಕ್ಕೇ ಬಾಗಿ ಮಲಗಿದ್ದವು. ಹಾಳೆ ತೆಗೆದು ಕೊಟ್ಟಳು. ಆಮೇಲೆ ವರದಿ ಬರೆದಳು: ಗುರುತು ತೆಗೆಯಲು ಮರೆತವಳು ನಾನು, ಭಾಷಣದ ಆರು ಪ್ರತಿ ಅಳಿಸಿದವಳೂ ನಾನು. ಹತ್ನಿಮಿಷ ಓದಿ ತಲೆ ಚಚ್ಚಿಕೊಂಡ. ತಿಂಗಳ ಕೊನೆಗೆ ಗುತ್ತಿಗೆ ಮುಗಿಯಿತು, ಮತ್ತೆ ಶುರುವಾಗಲಿಲ್ಲ. ಮೊದಲ ತಪ್ಪಿಗೋ ಎರಡನೆಯದಕ್ಕೋ, ಕಾಗದದಲ್ಲಿ ಬರೆದಿರಲಿಲ್ಲ. ನಾವು ಧರಣಿ ಕೂರುತ್ತೇವೆ ಎಂದು ಹೋದೆವು. "ನನ್ನ ಹೆಸರಲ್ಲಿ ಯಾರ ಬಸ್ಸನ್ನೂ ನಿಲ್ಲಿಸ್ಬೇಡಿ" ಎಂದು ಕಳಿಸಿದಳು.

ಆಕೆಯ ಜಾಗಕ್ಕೆ ಯಾರೂ ಬರಲಿಲ್ಲ. ನೆಲಮಾಳಿಗೆಗೆ ಬೀಗ ಬಿತ್ತು. ದೂರದಲ್ಲೆಲ್ಲೋ ಕೂತ ಒಬ್ಬ ಈಗ ಆರು ಆಸ್ಪತ್ರೆಗಳ ಡಬ್ಬಗಳನ್ನು ನೋಡಿಕೊಳ್ಳುತ್ತಾನೆ.

ಎರಡು ತಿಂಗಳ ಮೇಲೆ ಕ್ರಷರ್‌ನವನ ಹೆಂಡತಿ ಡಬ್ಬದಕ್ಕನ ಮನೆ ಹುಡುಕಿಕೊಂಡು ಬಂದಳು. ಜೊತೆಗೆ ನಾನೂ ಇದ್ದೆ. ಕೋರ್ಟು ಆಸ್ಪತ್ರೆಯ ಮೊಹರು ಇರುವ ಹೊಸ ಪ್ರತಿ ಕೇಳಿತ್ತು. ಆಸ್ಪತ್ರೆಯಲ್ಲಿ ಹೇಳಿದ್ದರು: ಉಸಿರಿನ ಕಂಪ್ಯೂಟರಿಗೆ ಬೆಳಿಗ್ಗೆ ಅಪ್‌ಡೇಟ್ ಹಾಕಿದರು, ಹಾಕಿದಾಗಿನಿಂದ ಎದ್ದಿಲ್ಲ.

ಡಬ್ಬದಕ್ಕ ಕೈ ಒರೆಸಿಕೊಂಡು ಬಂದು ಬಾಯಿಪಾಠವಾಗಿದ್ದ ಸಪೋರ್ಟ್ ನಂಬರು ಒತ್ತಿದಳು. ಸಂಗೀತ ಬಂತು. ಹೊಲಿಗೆ ಮೆಷೀನು ನಿಂತಿತು, ಒಳಗಿನಿಂದ ಅತ್ತೆ, "ಯಾರೇ ಅದು?" ಎಂದರು. ಕೊನೆಗೆ ಆರು ಆಸ್ಪತ್ರೆ ನೋಡಿಕೊಳ್ಳುವವನೇ ಸಿಕ್ಕ.

"ಅಪ್ಪಾ, ಬೆಳಿಗ್ಗೆ ಅಪ್‌ಡೇಟ್ ಹಾಕೋ ಮುಂಚೆ ಗುರುತು ಹಾಕಿದ್ರಾ?"

"ಇಲ್ಲ ಮೇಡಂ. ಗುರುತು ಹಾಕಿದ್ರೆ ಜಾಗ ತುಂಬುತ್ತೆ, ಹೋದ ಸಲ ಹಂಗೇ ಆಯ್ತಂತೆ. ಅದಕ್ಕೇ ಹಾಕಬಾರದು ಅಂತ ಆರ್ಡರ್ ಇದೆ." ಆಮೇಲೆ ಅವನು ಕೇಳಿದ, "ನೀವು ಯಾರು ಮಾತಾಡ್ತಿರೋದು?"

ಗುರುತಿಲ್ಲ ಎಂದರೆ ಹಿಂದಕ್ಕೆ ದಾರಿಯಿಲ್ಲ. ಡಬ್ಬದಕ್ಕ ಹೊಸ್ತಿಲ ಕಡೆ ತಿರುಗಿದಳು. ಫೋನು ಕಿವಿಯಲ್ಲೇ ಇತ್ತು. ಹೊಸ್ತಿಲ ಮೇಲೆ ಕೂತಿದ್ದ ಹೆಂಗಸು ಬಾಟಲಿ ತೆಗೆದು ನೀರು ಕುಡಿದು, ಮುಚ್ಚಳ ತಿರುಗಿಸಿ, ಮಡಿಲಲ್ಲಿ ಇಟ್ಟುಕೊಂಡಳು.