ಕಲ್ಲಾದ ರಾಣಿಯ ನಲವತ್ತೊಂದು ದಿನ

ಶೇಂಗಾ ಹಿಂಡಿಯ, ಅದೇ ಚಟ್ನಿಪುಡಿಯ, ವಾಸನೆ ಹೊಡೆಯುವ ಪುಸ್ತಕಗಳನ್ನು ನೀವು ಕಂಡಿದ್ದೀರಾ? ನಾನು ಅಂಥವನ್ನೇ ಕೇಳಿ ಬೆಳೆದವಳು. ಹೋದ ದಸರೆಗೆ ಕಲಬುರಗಿಯಿಂದ ಸೋದರಮಾವನ ಮಗ ಹೈದರಾಬಾದಿನ ಕೊಂಡಾಪುರದ ನಮ್ಮ ಫ್ಲ್ಯಾಟಿಗೆ ಬಂದವನು ಕಡಕ್ ರೊಟ್ಟಿಯ ಚೀಲದ ತಳದಿಂದ ರಟ್ಟು ಹರಿದ ಒಂದು ಪುಸ್ತಕ ತೆಗೆದ. “ಅತ್ತಿ ಟ್ರಂಕಿನ್ಯಾಗ ಇತ್ತು ಅಕ್ಕಾ, ನಿನಗ ಕೊಡು ಅಂದಾನ ಅಪ್ಪ” ಎಂದ. ಅವನ ಅತ್ತಿ ಎಂದರೆ ನನ್ನ ಅವ್ವ. ಪುಟ ತಿರುವಿದರೆ ಎಣ್ಣೆಯ ಕಲೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಘಾಟು. ಮೂವತ್ತೈದು ವರ್ಷದ ಹಿಂದಿನ ಘಾಟು ಇನ್ನೂ ಎಲ್ಲಿರುತ್ತದೆ, ಪಕ್ಕದಲ್ಲಿದ್ದ ಹೊಸ ಹಿಂಡಿಯ ಡಬ್ಬಿಯದೇ ಇರಬೇಕು. ಆದರೂ ಕಣ್ಣು ತುಂಬಿದವು, ಹಾಳಾದವು.

ಆಗ ನಾವು ಶಂಶಾಬಾದಿನಲ್ಲಿದ್ದೆವು. ವಿಮಾನ ನಿಲ್ದಾಣ ಇನ್ನೂ ಬಂದಿರಲಿಲ್ಲ. ಮನೆಯ ಹಿಂದೆ ಬಂಡೆಗಳು, ಸೀತಾಫಲದ ಗಿಡಗಳು, ಅಷ್ಟೇ. ಈಗ ಆ ಮನೆಯ ಗೋಡೆಯೂ ಉಳಿದಿಲ್ಲ, ರಸ್ತೆಯ ಪಾಲಾಯಿತು. ಅಪ್ಪ ಹೈದರಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಥಾನು ಬಿಚ್ಚಿ ಅಳೆಯುವ ಕೆಲಸಕ್ಕಿದ್ದ. ಬೆಳಿಗ್ಗೆ ಬಸ್ಸು ಹತ್ತಿದರೆ ಬರುವುದು ದೀಪ ಹಚ್ಚಿದ ಮೇಲೆ. ಓಣಿಯ ತುಂಬ ತೆಲುಗು, ಉರ್ದು. ಕನ್ನಡ ನಮ್ಮ ಹೊಸ್ತಿಲ ಒಳಗೆ ಮಾತ್ರ. ಮಾಮ ಊರಿಂದ ಬಂದಾಗಲೆಲ್ಲ ರೊಟ್ಟಿ, ಹಿಂಡಿಯ ಜೊತೆ ಮಾಯಾ ಮಂತ್ರದ ಕಥೆಪುಸ್ತಕಗಳನ್ನು ಒಂದೇ ಚೀಲದಲ್ಲಿ ತುರುಕಿಕೊಂಡು ಬರುತ್ತಿದ್ದ. ಮಧ್ಯಾಹ್ನ ಅವ್ವ ಗೋಡೆಗೆ ಒರಗಿ ಕಾಲು ಚಾಚಿ ಓದುವವಳು, ಅವಳ ತೊಡೆಯ ಮೇಲೆ ನನ್ನ ತಲೆ. ಮಂತ್ರವಾದಿ ಬಂದಾಗ ಅವಳ ದನಿ ಗೊಗ್ಗರಾಗುತ್ತಿತ್ತು, ಹಾರುವ ಕುದುರೆ ಬಂದಾಗ ಉಸಿರೇ ನಿಲ್ಲುತ್ತಿತ್ತು. ಓದುವ ಅವಳೂ ನಂಬುತ್ತಿದ್ದಳು, ಕೇಳುವ ನಾನೂ ನಂಬುತ್ತಿದ್ದೆ. “ತಾಯಿ ಮಗಳು ಕೂಡಿ ಒಂದ್ ದಿನ ಈ ಮನೀನಽ ಹಾರಿಸ್ತೀರಿ ನೋಡ್ರಿ” ಎಂದು ಅಪ್ಪ ನಗುತ್ತಿದ್ದ. ನಾನು ಕಲಿಯುತ್ತಿದ್ದದ್ದು ತೆಲುಗು ಮಾಧ್ಯಮದಲ್ಲಿ. ಕನ್ನಡ ಅಕ್ಷರ ಕಲಿಸುತ್ತೇನೆ ಬಾ ಎಂದು ಅವ್ವ ಎಷ್ಟು ಕರೆದರೂ ನಾನು ಒಲ್ಲೆ ಎನ್ನುತ್ತಿದ್ದೆ. ನಾನೇ ಓದಲು ಕಲಿತರೆ ಅವ್ವ ಓದಿ ಹೇಳುವುದನ್ನು ಬಿಟ್ಟಾಳು ಎಂಬ ಹೆದರಿಕೆ. ಆ ಹೆದರಿಕೆಗೆ ತೆತ್ತದ್ದು ಸಣ್ಣದಲ್ಲ.

ನನಗೆ ಒಂಬತ್ತು ವರ್ಷ. ಒಂದು ಶುಕ್ರವಾರ ಬಚ್ಚಲಲ್ಲಿ ಅವ್ವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಾಗ ಬಗಲಿನ ಹತ್ತಿರ, ಎದೆಯ ಮಗ್ಗುಲಿಗೆ, ಗಜ್ಜುಗದಷ್ಟು ಗಟ್ಟಿಯಾದದ್ದೇನೋ ಬೆರಳಿಗೆ ತಾಗಿತು. “ಅವ್ವಾ, ಇದೇನು ಗಂಟು?” ಎಂದೆ. “ಏನಿಲ್ಲ, ಕೈ ತಗಿ” ಎಂದಳು. “ಅಪ್ಪಗ ಹೇಳ್ತೀನಿ, ದವಾಖಾನಿಗೆ ಕರ್ಕೊಂಡ್ ಹೋಗ್ತಾನ” ಎಂದರೆ ಬಡಬಡ ನೀರು ಹೊಯ್ದುಕೊಂಡು ಎದ್ದಳು. ಅಂದು ಮಧ್ಯಾಹ್ನ ಇದೇ ಪುಸ್ತಕ ತೆಗೆದು ಕಲ್ಲಾದ ರಾಣಿಯ ಕಥೆ ಓದಿದಳು. ಮಂತ್ರವಾದಿಯ ಶಾಪದಿಂದ ರಾಣಿಯ ಮೈಯೊಳಗೆ ಒಂದು ಕಲ್ಲು ಹುಟ್ಟುತ್ತದೆ, ದಿನದಿನಕ್ಕೂ ಬೆಳೆಯುತ್ತದೆ. ಅದು ಕರಗಲು ಒಂದೇ ದಾರಿ: ರಾಣಿಯ ಮಗಳು ನಲವತ್ತೊಂದು ದಿನ ದಿನಕ್ಕೊಂದು ಕಡಲೆಕಾಳನ್ನು ಗಡಿಗೆಗೆ ಹಾಕಬೇಕು, ಕಲ್ಲಿನ ಸುದ್ದಿಯನ್ನು ಯಾರ ಮುಂದೂ ಎತ್ತಬಾರದು. ಎತ್ತಿದಳೋ, ರಾಣಿ ನಿಂತಲ್ಲೇ ಶಿಲೆ. ಅವ್ವ ಪುಸ್ತಕ ಮಡಿಚಿ, “ತಿಳೀತಿಲ್ಲೊ?” ಎಂದಳು. ತಿಳಿಯದೆ ಏನು? ಹಿಡಿದ ವ್ರತವನ್ನು ಬಾಯಿ ಬಿಟ್ಟು ಹೇಳಿದರೆ ಫಲ ಕೆಡುತ್ತದೆ ಎನ್ನುವುದು ನಮ್ಮ ಮನೆಯ ಹಸುಗೂಸಿಗೂ ಗೊತ್ತಿತ್ತು. ಸಂಜೆಯೇ ಒಂದು ಗಡಿಗೆ ಹುಡುಕಿ ಮೊದಲ ಕಾಳು ಹಾಕಿದೆ.

“ಯಾಕ ಸಪ್ಪಗ ಅದಿ?” ಎಂದು ಅಪ್ಪ ಕೇಳಿದಾಗಲೆಲ್ಲ ತುಟಿ ಕಚ್ಚಿಕೊಂಡೆ. ನಲವತ್ತೊಂದನೆಯ ದಿನ ಓಡಿ ಹೋಗಿ ಅವ್ವನ ಬಗಲು ಮುಟ್ಟಿದರೆ ಗಂಟು ನಿಂಬೆಹಣ್ಣಿನಷ್ಟಾಗಿತ್ತು. “ಕಮ್ಮಿ ಆಗೇತಿ, ನಿನಗ ತಿಳಿಯಂಗಿಲ್ಲ” ಎಂದಳು. ಎಲ್ಲೋ ಒಂದು ದಿನ ತಪ್ಪಿರಬೇಕು ಎಂದುಕೊಂಡು ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ, ಮತ್ತೆ. ಐದನೆಯ ಸಲದ ಕಡಲೆ ನಡೆದಿದ್ದಾಗ ಅವ್ವ ಕೊಡ ಎತ್ತಲಾರದೆ ಬಾವಿಕಟ್ಟೆಯ ಮೇಲೆ ಬಿದ್ದಳು. ದವಾಖಾನೆಯಲ್ಲಿ ಡಾಕ್ಟರು ಅಪ್ಪನನ್ನು ಬಾಯಿಗೆ ಬಂದಂತೆ ಬೈದರು, ಎಷ್ಟು ದಿನದಿಂದ ಹೀಗಿದೆ ಎಂದು ಉರ್ದುವಿನಲ್ಲಿ ಕೇಳಿದರು. “ಮಾಲೂಮ್ ನಹೀ ಸಾಬ್” ಎಂದು ಅಪ್ಪ ಕೈ ಮುಗಿದ. ನಾನು ಕಂಬದ ಮರೆಯಲ್ಲಿ ನಿಂತಿದ್ದೆ, ನನಗೆ ಮಾಲೂಮ್ ಇತ್ತು. ಐದನೆಯ ವ್ರತ ಮುಗಿಯಲು ಇನ್ನೂ ಒಂಬತ್ತು ದಿನ ಉಳಿದಿತ್ತೆಂದು ಬಾಯಿ ಬಿಡಲಿಲ್ಲ. ಮುಂದಿನ ಯುಗಾದಿಯನ್ನು ಅವ್ವ ನೋಡಲಿಲ್ಲ. ಮಾಮ ಬಂದು ಅವಳ ಟ್ರಂಕನ್ನು ಕಲಬುರಗಿಗೆ ಒಯ್ದ. ತಪ್ಪಿದ ಆ ದಿನ ಯಾವುದು ಎಂದು ನಾನು ಮದುವೆಯಾಗುವ ತನಕವೂ ಲೆಕ್ಕ ಹಾಕುತ್ತಲೇ ಇದ್ದೆ.

ಹೋದ ದಸರೆಯಲ್ಲಿ ಈ ಪುಸ್ತಕವನ್ನು ನಾನೇ ಓದಿದೆ. ತೆಲುಗು ಬಲ್ಲವರಿಗೆ ಕನ್ನಡ ಅಕ್ಷರ ಏನು ದೂರ, ತಲೆಕಟ್ಟಿನಷ್ಟೇ ಫರಕು. ತಡವರಿಸುತ್ತ ಎರಡು ಸಂಜೆ ಹಿಡಿಯಿತು. ಕಲ್ಲಾದ ರಾಣಿಯ ಕಥೆ ಇದೆ, ನಾಲ್ಕೇ ಪುಟ. ನಲವತ್ತೊಂದು ದಿನ ಇಲ್ಲ. ಕಡಲೆ ಇಲ್ಲ, ಗಡಿಗೆ ಇಲ್ಲ. ತಾಯಿಯ ಮೈಯ ಕಲ್ಲನ್ನು ಕಂಡ ರಾಜಕುಮಾರಿ ಚೀರಿಕೊಂಡು ಅರಮನೆಯ ಮೆಟ್ಟಿಲು ಇಳಿದು, ಪೇಟೆಯ ತುಂಬ ಕೂಗುತ್ತ ಓಡಿ, ವೈದ್ಯನ ಬಾಗಿಲು ಬಡಿಯುತ್ತಾಳೆ. ರಾಣಿ ಬದುಕುತ್ತಾಳೆ. ಹೆತ್ತ ತಾಯಿಯೇ ನನ್ನ ಕಿವಿ ಮೇಲೆ ಹೂ ಇಟ್ಟಿದ್ದಳು! ಗಂಡಸು ಡಾಕ್ಟರನ ಮುಂದೆ ಸೆರಗು ಸರಿಸುವ ನಾಚಿಕೆಯೋ, ಕತ್ತರಿಯ ಹೆದರಿಕೆಯೋ, ತಾನೇ ಕಟ್ಟಿದ ಕಥೆಯನ್ನು ತಾನೇ ನಂಬಿದಳೋ, ಯಾರನ್ನು ಕೇಳಲಿ? ನನಗೆ ಸಿಟ್ಟು ಬರುತ್ತದೆ ಅವ್ವಾ, ನಿನ್ನ ದನಿ ನೆನಪಾದಾಗಲೂ ಬರುತ್ತದೆ. ಅಷ್ಟು ಚಂದ ಯಾಕೆ ಓದಿದೆ?

ಅಪ್ಪ ಈಗ ನಮ್ಮ ಜೊತೆಗೇ ಇರುತ್ತಾನೆ. ತಡೆಯಲಾರದೆ ಮರುದಿನ ಬಾಲ್ಕನಿಯಲ್ಲಿ ಅವನ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ, ಗಂಟು, ಕಡಲೆ, ಪುಸ್ತಕ, ಎಲ್ಲ. ಅವ್ವ ಹೇಳಿದ ಸುಳ್ಳು ಅವನ ಕಿವಿಗೆ ಬಿತ್ತೋ ಇಲ್ಲವೋ. “ಅಷ್ಟು ದಿನ ನಿನಗ ಗೊತ್ತಿತ್ತು?” ಎಂದ. “ನನಗ ಒಂಬತ್ತು ವರ್ಷ ಅಪ್ಪಾ” ಎಂದೆ. “ಒಂದ್ ಮಾತು ಹೇಳಿದ್ದಿ ಅಂದ್ರ ಅವತ್ತಽ ಹೊತ್ಕೊಂಡ್ ಹೋಗ್ತಿದ್ನಲ್ಲ” ಎಂದು ಎದ್ದು ಒಳಗೆ ಹೋದ. ಅಂದಿನಿಂದ ಚಹಾ ಕುಡಿಯುತ್ತಾನೆ, ಗುಳಿಗೆ ನುಂಗುತ್ತಾನೆ, ಏನು ಕೇಳಿದರೂ ಹೂಂ ಎನ್ನುತ್ತಾನೆ. ನನ್ನ ಮುಖ ಮಾತ್ರ ನೋಡುವುದಿಲ್ಲ. ನಿನ್ನ ತಪ್ಪಿಲ್ಲ ಬಿಡು ಎಂಬ ಒಂದು ಮಾತಿಗೆ ನಾನು ಕಾಯುತ್ತಿದ್ದೇನೆ. ಅಪ್ಪನಿಗೆ ಎಪ್ಪತ್ತೆಂಟು ತುಂಬಿತು.