ಸೊಂಟದ ಮೇಲಿನ ಕೈ

ಮದುವೆಯಾಗಿ ನಾನು ಕಾಲಿಟ್ಟದ್ದು ಚಿನ್ನದ ಗಣಿ ಕೆಲಸದವರ ಊರಿಗಾಂ ಲೈನಿನ ಒಂದೇ ಕೋಣೆಯ ಮನೆಗೆ. ಅದರ ಅರ್ಧ ಗೋಡೆಯ ತುಂಬ ಹಳೇ ಕಾಲದ ಒಬ್ಬ ಡಚ್ ದಂಡನಾಯಕ. ಗಣಿ ಸರ್ಕಾರದ ಕೈಗೆ ಬಂದ ವರ್ಷ ಊರು ಬಿಟ್ಟ ಬಿಳಿ ದೊರೆಯೊಬ್ಬ ನಮ್ಮ ಯಜಮಾನರಿಗೆ ಕೊಟ್ಟುಹೋದ ಇದ್ದಿಲು ಗೆರೆಯ ಚಿತ್ರ. ಭುಜದವರೆಗೆ ಗುಂಗುರು ಕೂದಲು, ಕೊರಳಲ್ಲಿ ಲೇಸು, ಮಂಡಿಗೆ ರಿಬ್ಬನ್ನು. ಒಂದು ಕೈ ಕತ್ತಿಯ ಮೇಲೆ, ಇನ್ನೊಂದು ಸೊಂಟದ ಮೇಲೆ, ಮೊಣಕೈ ನೋಡುವವರ ಮುಖಕ್ಕೇ ತಿವಿಯುವ ಹಾಗೆ. ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದ ನನ್ನ ಅವ್ವ, "ಯಾವ ಅಮ್ಮೋರು ಕಣಮ್ಮ ಇದು?" ಅಂತ ಕೈಮುಗಿದೇಬಿಟ್ಟಳು.

ಯಜಮಾನರಿಗೆ ಸಿಟ್ಟು ನೆತ್ತಿಗೇರಿತು. "ಗಂಡ್ಸಂದ್ರೆ ಅಂಗಿರ್ಬೇಕು" ಅಂದರು. ಅವರು ಗಣಿಯ ಗೇಟಿನ ಕಾವಲುಗಾರರು; ಪಾಳಿ ಮುಗಿಸಿ ಮೇಲೆ ಬಂದವರ ಮೈ ತಡವಿ, ಚಿನ್ನದ ಚೂರು ಅಡಗಿಸಿದ್ದಾರೋ ನೋಡುವ ಕೆಲಸ. ಖಾಕಿ ತೊಟ್ಟು, ಮೀಸೆ ತಿರುವಿ, ಥೇಟ್ ಆ ಚಿತ್ರದವನಂತೆಯೇ ನಿಲ್ಲುತ್ತಿದ್ದರು. ನನಗೋ ತಲೆಬುಡ ತಿಳಿಯದು. ನಮ್ಮಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತರೆ ಹಿರಿಯರು ಬೆನ್ನಿಗೆ ಗುದ್ದುತ್ತಾರೆ. ಬೀದಿ ಜಗಳಕ್ಕೆ ಇಳಿದ ಹೆಂಗಸು ನಿಲ್ಲುವುದು ಹಾಗೆ. ಅದು ಗಂಡಸುತನ ಆದದ್ದು ಯಾವಾಗ?

ನಗಲು ಧೈರ್ಯವಿರಲಿಲ್ಲ. ಬಂಗಾರಪೇಟೆಯ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಅದಕ್ಕೆ ಇವರು ಹೂಂ ಅನ್ನಬೇಕು. "ಎಂಡ್ತಿ ರೈಲತ್ತಿ ದುಡಿಯಾಕ್ ಓದ್ರೆ ನನ್ ಮೀಸೆ ಯಾತಕ್ಕೆ?" ಅಂದವರು ಮತ್ತೆ ಆ ಮಾತೆತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಬುತ್ತಿ ಒಯ್ದೆ. ಊಟಕ್ಕೆ ಹೊರಬರುವ ಮುನ್ನ ಗೇಟಿನಲ್ಲಿ ಅವರು ಎರಡೂ ಕೈ ಮೇಲೆತ್ತಿ ನಿಂತಿದ್ದರು. ನನ್ನ ತಮ್ಮನ ವಯಸ್ಸಿನ ಹೊಸ ಅಧಿಕಾರಿಯೊಬ್ಬ ಅವರ ಕಂಕುಳು, ಸೊಂಟ, ತೊಡೆ ತಡವುತ್ತಿದ್ದ. ಕಾವಲಿನವರನ್ನೂ ತಡವುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ. ಆ ಹುಡುಗನ ಕೈ ಮುರಿಯುವಷ್ಟು ಕೋಪ ಬಂತು. ಒಳಗೆಲ್ಲೋ ಸಮಾಧಾನವೂ ಆಯಿತು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಅವರ ಕಣ್ಣು ನನ್ನ ಮೇಲೆ ಬಿದ್ದು ನೆಲಕ್ಕಿಳಿಯಿತು.

ಸಂಜೆ ಊಟಕ್ಕೆ ಕೂತು ಮುದ್ದೆ ಮುರಿಯುತ್ತಾ, ನಾನು ಕೇಳದೆಯೇ, "ಸ್ವಾಮಾರ ಓಗು, ಇಸ್ಕೂಲ್ಗೆ" ಅಂದರು.

ಕುಣಿಯಬೇಕಿತ್ತು ನಾನು. ಆದರೆ ಇದು ಅಪ್ಪಣೆಯೋ, ಕಂಡದ್ದನ್ನು ಆಡದಿರಲು ಕೊಟ್ಟ ಬೆಲೆಯೋ? "ನಾನೇನೂ ನೋಡ್ಲಿಲ್ಲ ಕಣ್ರೀ" ಅಂದುಬಿಟ್ಟಿದ್ದರೆ ಅವರ ಮಾನ ಉಳಿಯುತ್ತಿತ್ತು. ನನ್ನ ಕೆಲಸ ಹೋಗುತ್ತಿತ್ತೇನೋ. ಬಾಯಿಗೆ ಬಂದ ಮಾತು ನುಂಗಿ, ಇನ್ನೊಂದು ಸೌಟು ಸಾರು ಬಡಿಸಿದೆ.