ಗೇಟಿಗೆ ಕೋವಿ ಬೇಡವೆಂದ ಸುಬೇದಾರರು

ಸುಬೇದಾರರ ಬೂಟಿನ ತುದಿಯಲ್ಲಿ ಮುಖ ಕಾಣುತ್ತಿತ್ತು. ಶಾಲೆಯ ಗೇಟು ದಾಟುವ ಮೊದಲು ಹೆಣ್ಣುಮಕ್ಕಳು ಅವರ ಮುಂದೆ ಬಗ್ಗಿ ಆ ಬೂಟಿನಲ್ಲೇ ನೋಡಿಕೊಂಡು ರಿಬ್ಬನ್ ಸರಿಮಾಡಿಕೊಳ್ಳುತ್ತಿದ್ದರು. ಅವರು ಕದಲದೆ ನಿಂತಿರುತ್ತಿದ್ದರು. ಕೊಲ್ಲಿ ನಾಡಿನ ಈ ಅಬು ಹಲೀಫಾದಲ್ಲಿ ಗಾಳಿ ಎದ್ದರೆ ಮುಚ್ಚಿಟ್ಟ ಸಕ್ಕರೆ ಡಬ್ಬಿಯ ಮೇಲೂ ಮರಳಿನ ಪುಡಿ ಕೂರುತ್ತದೆ. ಅಂಥ ಊರಿನಲ್ಲಿ ಬೂಟು ಹೊಳೆಯುವುದು ಹೇಗೆಂದು ನನಗೆ ಬಹಳ ದಿನ ಸೋಜಿಗವಿತ್ತು. ಆಮೇಲೆ ಗೊತ್ತಾಯಿತು. ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಹಳದಿ ಬಟ್ಟೆಯ ತುಂಡೊಂದಿತ್ತು. ಒಂದು ಬಸ್ಸು ಹೋಗಿ ಇನ್ನೊಂದು ಬರುವಷ್ಟರಲ್ಲಿ ಬಗ್ಗಿ ಎರಡು ಸಲ ಉಜ್ಜಿ, ಮತ್ತೆ ಎದೆ ಸೆಟೆದು ನಿಂತುಬಿಡುತ್ತಿದ್ದರು.

ಅವರು ನನ್ನ ಮಗಳ ಶಾಲೆಯ ಪಿ.ಟಿ. ಮಾಸ್ಟರು. ಕೊಡಗಿನವರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ನಮ್ಮ ಕಟ್ಟಡದಲ್ಲೇ ಮೊದಲ ಮಹಡಿಯಲ್ಲಿ ಅವರ ವಾಸ. ಮಕ್ಕಳಿಗೆ ಅವರು ಸರ್, ನಮಗೆಲ್ಲ ಸುಬೇದಾರರು.

ಆ ಗುರುವಾರ ಬೆಳಿಗ್ಗೆಯೂ ದಿನದಂತೆಯೇ ಶುರುವಾಗಿತ್ತು. ಐದಕ್ಕೆ ಎದ್ದು ದೋಸೆ ಹುಯ್ದೆ. ಮೀನಾ ಅಬ್ದುಲ್ಲಾದ ರಿಫೈನರಿಗೆ ಹೋಗುವ ನಮ್ಮ ಯಜಮಾನರು ಒಂದು ದೋಸೆ ನಿಂತೇ ತಿಂದು, ಎರಡನ್ನು ಸುತ್ತಿ ಕೈಯಲ್ಲಿ ಹಿಡಿದುಕೊಂಡು ಕಂಪನಿ ಬಸ್ಸಿಗೆ ಓಡಿದರು. ಮಗಳ ಒಂದು ಕಾಲುಚೀಲ ಸಿಕ್ಕಿತು, ಇನ್ನೊಂದು ವಾಷಿಂಗ್ ಮಷೀನಿನ ಒಳಗೆ ಅಂಟಿಕೊಂಡಿತ್ತು. ಡಬ್ಬಿಗೆ ಚಿತ್ರಾನ್ನ ತುಂಬಿದೆ. ಎರಡು ಗಲ್ಲಿ ನಡೆದರೆ ಶಾಲೆ. ಎಲ್ಲ ಅದೇ. ನನ್ನ ಕೈಚೀಲದಲ್ಲಿ ಮಾತ್ರ ಅವತ್ತು ಹದಿನಾಲ್ಕು ತಾಯಂದಿರು ಸಹಿ ಹಾಕಿದ ಅರ್ಜಿಯೊಂದಿತ್ತು.

ಬೇಸಿಗೆ ರಜೆ ಮುಗಿದು ಶಾಲೆ ತೆರೆದ ದಿನಗಳಲ್ಲಿ, ಅಮೆರಿಕದ ಯಾವುದೋ ಶಾಲೆಯಲ್ಲಿ ಗುಂಡು ಹಾರಿದ ಸುದ್ದಿ ಟಿವಿಯಲ್ಲಿ ಬಂದಿತ್ತು. ಅಲ್ಲಿರುವ ನನ್ನ ತಂಗಿಗೆ ಫೋನ್ ಮಾಡಿದೆ. ಅವಳೂರಿಗೆ ಅದು ಬಹಳ ದೂರವಂತೆ. ಸಮಾಧಾನವಾಯಿತು. ಆದರೆ ಮಾತಿನ ನಡುವೆ ಅವಳು, ಐದು ವರ್ಷದ ಮಗಳಿಗೆ ಕೊಡಿಸಿದ್ದ ಮಿನುಗುವ ಶೂ ಎತ್ತಿಟ್ಟೆ ಎಂದಳು. ಯಾಕೆಂದು ಕೇಳಿದೆ.

"ಸ್ಕೂಲಲ್ಲಿ ಬಾಗಿಲು ಹಾಕಿ, ದೀಪ ಆರಿಸಿ, ಸದ್ದಿಲ್ದೆ ಕೂರೋ ಅಭ್ಯಾಸ ಮಾಡಿಸ್ತಾರೆ ಅಕ್ಕಾ. ಕತ್ತಲಲ್ಲಿ ಶೂ ಮಿನುಗಿದ್ರೆ ಎಲ್ಲಿ ಬಚ್ಚಿಟ್ಕೊಂಡಿದ್ದಾರೆ ಅಂತ ಗೊತ್ತಾಗಿಬಿಡತ್ತಲ್ಲ."

ಅಡುಗೆಗೆ ಉಪ್ಪು ಕಡಿಮೆಯಾಯಿತು ಎನ್ನುವ ದನಿಯಲ್ಲಿ ಹೇಳಿದಳು. ನಮ್ಮ ಬಾಗಿಲ ಬಳಿ ಮಗಳ ಗುಲಾಬಿ ಶೂ ಇತ್ತು, ಹೆಜ್ಜೆ ಇಟ್ಟರೆ ಮಿನುಗುವಂಥದ್ದೇ.

ಅಂದಿನಿಂದ ನನಗೆ ಶಾಲೆಯ ಗೇಟು ಬಿಟ್ಟು ಬರಲಾಗಲಿಲ್ಲ. ಎರಡನೇ ಕ್ಲಾಸಿನ ಮಗಳು ಒಳಗೆ ಹೋದ ಮೇಲೂ ಎದುರಿನ ಬಕಾಲಾ ಎನ್ನುವ ದಿನಸಿ ಅಂಗಡಿಯ ನೆರಳಲ್ಲಿ ಒಂದು ಗಂಟೆ, ಒಂದೂವರೆ ಗಂಟೆ ನಿಂತಿರುತ್ತಿದ್ದೆ. ಅಂಗಡಿಯವನು ಪಾಪ, ಕೂರಲು ನೀರಿನ ಬಾಟಲಿಯ ಕ್ರೇಟು ಕೊಟ್ಟಿದ್ದ. ಮಗಳಿಗೆ ನಾಚಿಕೆ. "ಅಮ್ಮಾ, ಯು ಕ್ಯಾನ್ ಗೋ ನೌ, ಪ್ಲೀಸ್" ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಆದರೆ ಮನೆಗೆ ಹೋದರೆ ಕುಕ್ಕರ್ ಕೂಗಿದರೂ ನನಗೆ ಎದೆ ಹಾರುತ್ತಿತ್ತು. ಹೀಗಾದರೆ ಇವಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವುದೇ ಸರಿ ಎಂದು ಒಂದು ರಾತ್ರಿ ಯಜಮಾನರಿಗೆ ಹೇಳಿಯೂಬಿಟ್ಟೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ, "ತಿಂಗಳ ಕೊನೆವರೆಗೆ ನೋಡೋಣ" ಎಂದರು.

ಆಗ ಹೊಳೆದದ್ದು ಅರ್ಜಿ. ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದ ಪತ್ರಲೇಖನವೆಲ್ಲ ನೆನಪಿಗೆ ಬಂತು. ಶಾಲೆಯ ಗೇಟಿನಲ್ಲಿ ಬಂದೂಕು ಹಿಡಿದ ಕಾವಲಿರಬೇಕು, ಸೈನ್ಯದ ಅನುಭವವಿರುವ ನಮ್ಮ ಪಿ.ಟಿ. ಮಾಸ್ಟರಿಗೇ ಆ ಜವಾಬ್ದಾರಿ ಕೊಡಬಹುದು ಎಂದು ವಿನಯಪೂರ್ವಕವಾಗಿ ಬರೆದೆ. ಪ್ರಿನ್ಸಿಪಾಲರಿಗೆ ಕೊಡುವ ಮೊದಲು ಸುಬೇದಾರರಿಗೆ ತೋರಿಸೋಣ, ಖುಷಿಪಡುತ್ತಾರೆ ಎಂದುಕೊಂಡೆ. ಕೊಡಗಿನಲ್ಲಿ ಕೋವಿಗೆ ಪೂಜೆ ಮಾಡುತ್ತಾರೆಂದು ಎಲ್ಲರಿಗೂ ಗೊತ್ತಿರುವ ವಿಷಯವಲ್ಲವೇ?

ಆ ಗುರುವಾರ ಗೇಟಿನಲ್ಲೇ ಸುಬೇದಾರರು ಕನ್ನಡಕ ಹಾಕಿಕೊಂಡು, ಒಂದು ಸಾಲೂ ಬಿಡದೆ ಓದಿದರು.

"ಇಂಗ್ಲಿಷ್ ಬಹಳ ಚೆನ್ನಾಗುಂಟು ಅಮ್ಮಾ."

"ಥ್ಯಾಂಕ್ಸ್ ಸರ್."

"ಆದ್ರೆ ನಂಗೆ ಈ ಊರಲ್ಲಿ ಕಾರಿನ ಲೈಸೆನ್ಸೇ ಸಿಕ್ಕಿಲ್ಲ. ಮೂರು ಸಲ ಫೇಲ್. ಇನ್ನು ಕೋವಿ ಯಾರು ಕೊಡ್ತಾರೆ?"

ಹದಿನಾಲ್ಕು ಜನ ಸಹಿ ಹಾಕಿದ್ದೆವು. ಒಬ್ಬರಿಗೂ ಇದು ಹೊಳೆದಿರಲಿಲ್ಲ. ಇಲ್ಲಿದ್ದುಕೊಂಡು ಅಮೆರಿಕದ ಟಿವಿ ನೋಡಿ ನೋಡಿ, ನಾವಿರುವುದು ಎಲ್ಲಿ ಎಂಬುದೇ ಮರೆತುಹೋಗಿತ್ತು. ನನಗೆ ನಗು, ಅಳು ಎರಡೂ ಬಂತು.

"ಕೊಟ್ರೆ ಹಿಡೀತೀರಾ?" ಎಂದು ಹಟಕ್ಕೆ ಕೇಳಿದೆ.

"ಇಲ್ಲ."

"ನೀವು ಮಿಲಿಟರಿಯವರು ಸರ್!"

"ಅದಕ್ಕೇ ಹೇಳೋದು." ಅರ್ಜಿಯನ್ನು ಮಡಚಿ ನನ್ನ ಕೈಗಿಟ್ಟರು. "ಇಲ್ಲಿ ಕೋವಿ ಹಿಡಿದು ನಿಂತ್ರೆ ಮಕ್ಕಳು ಕೋವಿ ನೋಡ್ತಾರೆ. ನಾನೂ ಕೋವಿಯನ್ನೇ ನೋಡ್ಕೊಳ್ತಾ ಇರ್ಬೇಕು. ಮಕ್ಕಳ ಮುಖ ನೋಡೋದು ಯಾರು? ಬನ್ನಿ ಈ ಕಡೆ. ಆ ಬಕಾಲಾ ಹತ್ರ ನಿಂತ್ರೆ ನಿಮಗೆ ಬರೀ ಬೆನ್ನು ಕಾಣ್ತದೆ. ಇಲ್ಲಿಂದ ನೋಡಿ."

ಅವರ ಪಕ್ಕದಲ್ಲಿ ನಿಂತೆ. ಮೊದಲ ಬಾರಿಗೆ ಮಕ್ಕಳು ನನ್ನ ಕಡೆಗೆ ಬರುತ್ತಿದ್ದರು. ಒಬ್ಬಳ ತುಟಿಯ ಮೇಲೆ ಹಾಲಿನ ಗೆರೆ. ಒಬ್ಬನ ಟೈ ಬೆನ್ನ ಮೇಲೆ. ಇಬ್ಬರು ಅಕ್ಕತಂಗಿಯರು ಜಗಳವಾಡುತ್ತಲೇ ಕೈ ಹಿಡಿದುಕೊಂಡಿದ್ದರು.

ಸುಬೇದಾರರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುವರು: "ಕುಂಞಿ, ಇವತ್ತು ಡಬ್ಬಿಯಲ್ಲಿ ಏನು?" ಕುಂಞಿ ಎಂದರೆ ಅವರ ಮಾತಿನಲ್ಲಿ ಮಗು. ಮಕ್ಕಳು ಕೂಗಿ ಹೇಳುತ್ತಿದ್ದರು. ಇಡ್ಲಿ! ನೂಡಲ್ಸ್! ನಿನ್ನೆಯ ಬಿರಿಯಾನಿ! ನನ್ನ ಮಗಳು ಬಾಯಿ ತೆರೆಯುವ ಮೊದಲೇ ಅವರೇ ಗಾಳಿ ಮೂಸಿ, "ಚಿತ್ರಾನ್ನ. ಕಡಲೆಬೀಜ ಕಡಿಮೆ ಆಯ್ತು" ಎಂದು ನನ್ನ ಕಡೆ ನೋಡಿದರು. ನಿಜಕ್ಕೂ ಕಡಿಮೆಯಾಗಿತ್ತು.

ಆಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬಂದಳು. ಡಬ್ಬಿಯಲ್ಲಿ ಏನೆಂದರೆ, "ಗೊತ್ತಿಲ್ಲ ಸರ್" ಎಂದಳು. ಸುಬೇದಾರರು ಅವಳ ಜೊತೆ ಹತ್ತು ಹೆಜ್ಜೆ ಒಳಗೆ ನಡೆದು, ಹಾಕಿ ಕೋಲುಗಳ ಕೋಣೆಯ ಬೀಗದ ಕೈ ಅವಳಿಗೆ ಕೊಟ್ಟು ಬಂದರು.

"ಡಬ್ಬಿಯಲ್ಲಿ ಏನುಂಟು ಅಂತ ಗೊತ್ತಿಲ್ಲದ ಮಗು ಮನೇಲಿ ಯಾರ ಹತ್ರವೂ ಮಾತಾಡದೆ ಹೊರಟಿದೆ ಅಂತ ಅರ್ಥ" ಎಂದರು. "ಮಧ್ಯಾಹ್ನದವರೆಗೆ ಅದರ ಜೊತೆ ಯಾರಾದ್ರೂ ಮಾತಾಡ್ಬೇಕು. ಇವತ್ತು ಕೋಲು ಹಂಚೋ ಕೆಲಸ ಅವಳದ್ದು. ಇಪ್ಪತ್ತು ಮಕ್ಕಳ ಹತ್ರ ಮಾತಾಡ್ಲೇ ಬೇಕಾಗ್ತದೆ."

"ಇಷ್ಟರಿಂದ ಎಲ್ಲಾ ತಪ್ಪತ್ತಾ ಸರ್?"

"ಎಲ್ಲಾ ತಪ್ತದೆ ಅಂತ ನಾನು ಹೇಳಿಲ್ಲ." ಬಗ್ಗಿ ಬೂಟು ಉಜ್ಜಿದರು. "ನನ್ನ ಕೈಲಿರೋದು ಇದು. ಅಂದ ಹಾಗೆ, ಇಷ್ಟು ಚೆನ್ನಾಗಿ ಬರೀತೀರಲ್ಲ, ಗೇಟಿಗೊಂದು ನೆರಳಿನ ಶೀಟು ಹಾಕ್ಸಿ ಅಂತ ಬರ್ಕೊಡಿ. ನನ್ನ ತಲೆ ಬೆಂದು ಹೋಗ್ತಾ ಉಂಟು."

ಬರೆದುಕೊಟ್ಟೆ. ಅದೇ ಹದಿನಾಲ್ಕು ಸಹಿ. ತಿಂಗಳೊಳಗೆ ಶೀಟು ಬಂತು, ಈಗಲೂ ಇದೆ. ಸುಬೇದಾರರು ಹೋದ ವರ್ಷ ಇಲ್ಲಿ ಇರಲು ಕೊಡುವ ಇಕಾಮಾ ಪರವಾನಗಿ ಮುಗಿಸಿಕೊಂಡು ಊರಿಗೆ ಹೋದರು. ಅಲ್ಲಿಂದ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಹಿಂದೆ ಕೋಳಿ ಕೂಗುತ್ತಿರುತ್ತದೆ. ವಾರಕ್ಕೆರಡು ದಿನ ನಾವು ತಾಯಂದಿರು ಸರದಿಯಲ್ಲಿ ಗೇಟಿನ ಒಳಬದಿಗೆ ನಿಲ್ಲುತ್ತೇವೆ. ನನ್ನ ಮೂಗು ಅವರಷ್ಟು ಚುರುಕಿಲ್ಲ. ಆದರೂ ಪುದೀನಾ ಚಟ್ನಿ ಇದ್ದರೆ ಹೇಳಬಲ್ಲೆ. ನಾನು ಅವರಿಂದ ಪಡೆದದ್ದು ಇದು: ಹೆದರಿಕೆಗೆ ಒಂದು ಕೆಲಸ ಕೊಡುವುದು.

ಮತ್ತೆ ಆ ಗುರುವಾರದ ಸಂಜೆಗೆ ಬರುತ್ತೇನೆ. ಅವತ್ತು ಅವರ ಕೈಲ್ ಮುಹೂರ್ತ, ಆಯುಧಗಳಿಗೆ ಪೂಜೆ ಮಾಡುವ ಕೊಡಗಿನ ಹಬ್ಬ. ಊರಲ್ಲಿ ಅದು ಯಾವ ದಿನವೇ ಬರಲಿ, ಇಲ್ಲಿ ಎಲ್ಲರ ಹಬ್ಬವೂ ರಜೆಯ ಮುಂಚಿನ ಗುರುವಾರಕ್ಕೇ ಜಾರುತ್ತದೆ. ಕೋವಿ ಇಲ್ಲದ ಊರಲ್ಲಿ ಅವರು ಮೇಜಿನ ಮೇಲೆ ಒಂದು ಹಾಕಿ ಕೋಲನ್ನು ಮಲಗಿಸಿ, ಪಕ್ಕದಲ್ಲಿ ಸೀಟಿ ಇಟ್ಟು, ಗಂಧ ಹಚ್ಚಿದ್ದರು. ಕೋವಿಗೆ ಸಿಕ್ಕಿಸುವ ಕೆಂಪು ಹಳದಿಯ ತೋಕ್ ಪೂ ಎಂಬ ಹೂವು ಇಲ್ಲಿ ಎಲ್ಲಿ ಸಿಗಬೇಕು? ನನ್ನ ಮಗಳು ಕ್ರೇಯಾನಿನಲ್ಲಿ ಬರೆದು ಕತ್ತರಿಸಿಕೊಟ್ಟಳು. ಅಕ್ಕಿ ತರಿಯ ಕಡಂಬುಟ್ಟು ಉಂಡೆಗಳನ್ನು ಅವರೇ ಬೇಯಿಸಿದ್ದರು. ಜೊತೆಗೆ ಕೋಳಿ ಸಾರು, ನನಗೆಂದು ಕುಂಬಳಕಾಯಿ ಸಾರು.

ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಎಲ್ಲರೂ ಸೇರಿದೆವು. ನಮ್ಮ ಯಜಮಾನರಿಗೂ ಎದುರು ಮನೆಯ ಉಡುಪಿಯ ಅಕ್ಕನ ಗಂಡನಿಗೂ ಅಷ್ಟರಲ್ಲೇ ವಾದ ಹತ್ತಿತ್ತು.

"ಅಮೆರಿಕದಲ್ಲಿ ಬಂದೂಕೆಲ್ಲ ಕಿತ್ಕೊಂಡು ಸಮುದ್ರಕ್ಕೆ ಹಾಕ್ಬೇಕು ರೀ" ಎಂದು ಇವರು.

"ಎಂಥ ಸಮುದ್ರ ಮಾರಾಯ್ರೆ? ಒಳ್ಳೆಯವರದ್ದು ಕಿತ್ಕೊಂಡ್ರೆ ಕಳ್ಳರು ಕೊಡ್ತಾರಾ?" ಎಂದು ಸಿಟಿಯ ಮಿರ್ಕಾಬಿನ ಆಫೀಸಿನಿಂದ ಟೈ ಸಹಿತ ಬಂದಿದ್ದ ಅವರು. ಇಬ್ಬರಿಗೂ ಅಲ್ಲಿ ವೋಟಿದೆಯೋ ಎನ್ನುವಂತೆ ಕೂಗಾಡಿ, ಕೊನೆಗೆ ಸುಬೇದಾರರ ಕಡೆ ತಿರುಗಿದರು. "ನೀವೇ ಹೇಳಿ!"

ಅವರು ಕಡಂಬುಟ್ಟು ಬಡಿಸುತ್ತಲೇ ಹೇಳಿದರು. "ನಾನು ಹುಟ್ಟಿದಾಗ ಅಪ್ಪ ಆಕಾಶಕ್ಕೆ ಕೋವಿ ಹಾರಿಸಿದ್ರು. ನಾನು ಕೇಳಿದ ಮೊದಲ ಶಬ್ದವೇ ಅದು. ಆ ಕೋವಿ ಈಗಲೂ ಮನೇಲುಂಟು. ಸರ್ಕಾರ ಬಂದು ಕೊಡು ಅಂದ್ರೆ ಜಗಳ ಮಾಡ್ತೇನೆ. ಶಾಲೆ ಗೇಟಿಗೆ ತಾ ಅಂದ್ರೂ ಜಗಳ ಮಾಡ್ತೇನೆ."

"ಎರಡು ಕಡೆಗೂ ಮಾತಾಡಿದ್ರೆ ಹೇಗೆ ಸುಬೇದಾರ್ರೇ?"

"ನನ್ನ ಬಾಯಿ ಒಂದೇ, ಏನ್ ಮಾಡ್ಲಿ? ಸಾರು ಹಾಕ್ಲಾ?"

ಅಷ್ಟರಲ್ಲಿ ನನ್ನ ಮಗಳು, "ಸರ್, ವಾಟ್ ಅಬೌಟ್ ಗರ್ಲ್ಸ್?" ಎಂದಳು.

"ನನ್ನ ಮಗಳು ಹುಟ್ಟಿದಾಗ ನಾನೂ ಹಾರಿಸಿದೆ ಕುಂಞಿ. ಹುಡುಗಿಗೆ ಯಾಕೋ ಅಂತ ಅಜ್ಜಿ ಬೈದ್ರು. ಗುಂಡು ಮೇಲೆ ಹೋಗಿಯಾಯ್ತಲ್ಲ, ವಾಪಸ್ ಕರೆಯಲಿಕ್ಕಾಗ್ತದಾ?"

ಊರಲ್ಲಿ ಈ ಹಬ್ಬಕ್ಕೆ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯವಿರುತ್ತದಂತೆ. ಇಲ್ಲಿ ಅವರು ಶೆಡ್ಡಿನ ಕಬ್ಬಿಣದ ಪೈಪಿಗೆ ಕಾಯಿಯೊಂದನ್ನು ನೆಲದಿಂದ ಗೇಣೆತ್ತರಕ್ಕೆ ಇಳಿಬಿಟ್ಟಿದ್ದರು. ಹಾಕಿ ಚೆಂಡಿನಿಂದ ಹೊಡೆಯಬೇಕು. ನಮ್ಮ ಕಟ್ಟಡ ಕಾಯುವ ಹಾರಿಸ್ ಯಾರದೋ ಕಾರಿನ ಗಾಜಿನ ಮುಂದೆ ಎರಡೂ ಕೈ ಚಾಚಿ ನಿಂತುಕೊಂಡ. ಮಕ್ಕಳು ಹೊಡೆದರು, ಗಂಡಸರು ಹೊಡೆದರು, ಕಾಯಿ ಮಾತ್ರ ಆರಾಮವಾಗಿ ತೂಗುತ್ತಿತ್ತು.

"ಈಗ ಅಮ್ಮಂದಿರು" ಎಂದು ಸುಬೇದಾರರು ಕೋಲನ್ನು ನನ್ನ ಕೈಗೆ ಕೊಟ್ಟರು. ನಾನು ಜೀವಮಾನದಲ್ಲಿ ಥ್ರೋಬಾಲ್ ಬಿಟ್ಟು ಬೇರೆ ಆಡಿದವಳಲ್ಲ. ಮೊದಲ ಹೊಡೆತ ಹಾರಿಸ್‌ನ ಬಕೆಟ್ಟಿಗೆ. ಎರಡನೆಯದು ನಮ್ಮ ಯಜಮಾನರ ಮೊಣಕಾಲಿಗೆ. "ಕಾಯಿ ನೋಡಿ ಅಮ್ಮಾ, ಕೋಲಲ್ಲ!" ಎಂದು ಸುಬೇದಾರರು ಕೂಗಿದರು. ಮೂರನೆಯದಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಉಸಿರು ಹಿಡಿದು ಬೀಸಿದೆ. ಠಳ್ ಎಂದು ಗೋಡೆಗಳೆಲ್ಲ ಮರುನುಡಿಯುವ ಸದ್ದು. ಕಾಯಿ ಎರಡು ಹೋಳಾಗಿ ನೀರು ಸುರಿಯಿತು. ಸುಬೇದಾರರು ಸೀಟಿ ಊದುತ್ತಾ ನೆಟ್ಟಗೆ ನಿಂತು ನನಗೊಂದು ಸೆಲ್ಯೂಟ್ ಹೊಡೆದರು. ನಾನು ಚಿಕ್ಕ ಹುಡುಗಿಯ ಹಾಗೆ ಕುಣಿದೆ. ಆಮೇಲೆ ಕಾಯಿ ಚೂರು ಹಂಚಿದೆವು, ಎರಡನೇ ಕಾಯಿ ಕಟ್ಟಿದೆವು, ನಾನು ಉಳಿದ ಹೆಂಗಸರಿಗೆ ಕೋಲು ಹಿಡಿಯುವುದನ್ನು ಬಹಳ ತಿಳಿದವಳಂತೆ ಹೇಳಿಕೊಡುತ್ತಿದ್ದೆ.

ಪಾತ್ರೆ ಎತ್ತಿಡುವಾಗ ಎದುರು ಮನೆಯ ಅಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. "ಅಕ್ಕಾ, ನನ್ನ ಮಗಳು ಎಲ್ಲಿ?" ಎಂದು ಕೇಳಿದೆ.

ಅವರು ತಲೆಯನ್ನೂ ಎತ್ತಲಿಲ್ಲ. "ಅವಳು ಮೇಲೆ ನಮ್ಮನೆಗೆ ಹೋಗಿ ಕಾರ್ಟೂನ್ ಹಾಕ್ಕೊಂಡು ಕೂತು ಒಂದು ಗಂಟೆಯ ಮೇಲಾಯ್ತು ಮಾರಾಯ್ತಿ. ನಿಮಗೆ ಈಗ ನೆನಪಾದದ್ದಾ?"